ಒಂದು ಗೇಣು ತಂತಿ

ಎಂಬತ್ತರ ದಶಕದ ಕೊನೆಯ ಮಾತು. ತಮ್ಮನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಗುಬ್ಬಿಯಿಂದ ಬಸ್ಸು ಹಿಡಿದು ಕೆಲಸಕ್ಕೆ ಹೋದೆ. ತುಮಕೂರಿನ ಆ ಸಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವನು ಇಂಜಿನಿಯರ್ ಆಗಿದ್ದ. ಹತ್ತನೇ ತರಗತಿ ಓದಿದ ನಾನು ಬೆಸುಗೆ ಹಾಕುವವಳು. ಅವನು ಬರೆದ ಸರ್ಕ್ಯೂಟ್ ಬೋರ್ಡಿನ ನಕ್ಷೆ ಮೇಜಿನ ಮೇಲೇ ಇತ್ತು. ಟ್ರೇಸಿಂಗ್ ಹಾಳೆಯ ಮೂಲೆಯಲ್ಲಿದ್ದ ಅವನ ಹೆಸರನ್ನು ಬ್ಲೇಡಿನಿಂದ ಕೆರೆದು, ಮಾಲೀಕರು ತಮ್ಮ ಹೆಸರು ಬರೆದುಕೊಂಡಿದ್ದರು. ಕೆರೆದ ಜಾಗ ಬೆರಳಿಗೆ ಒರಟಾಗಿ ಸಿಕ್ಕಿತು. ಕಾಯೋಣ ಅಂದುಕೊಂಡೆ.

ಎರಡು ವರ್ಷ ಅವನು ಆ ಬೋರ್ಡಿನ ಹಿಂದೆ ಬಿದ್ದಿದ್ದ. ಸಿಗ್ನಲ್ಲಿನ ಏರಿಳಿತವನ್ನು ಅಳೆದು ಅಂಕಿಯಾಗಿಸುವ ಚಿಪ್‌ಗಳು ನಮ್ಮಲ್ಲಿದ್ದವು, ಆದರೆ ಅವುಗಳ ವೇಗ ಸಾಲುತ್ತಿರಲಿಲ್ಲ. ಅದಕ್ಕೆ ನಾಲ್ಕು ಚಿಪ್ ಕೂರಿಸಿ, ಸರದಿಯ ಮೇಲೆ ಅಳೆಯುವಂತೆ ಮಾಡಿದ್ದ. ಅರ್ಥವಾಗಲಿಲ್ಲ ಅಂದಾಗ ನಕ್ಕಿದ್ದ.

"ಅಕ್ಕ, ಕಡಬದಲ್ಲಿ ಅಜ್ಜಿ, ಅವ್ವ, ನೀನು ಒಂದೇ ಒರಳಿಗೆ ಒನಕೆ ಹಾಕ್ತಿರ್ಲಿಲ್ವಾ? ಒಬ್ರು ಎತ್ತಿದಾಗ ಇನ್ನೊಬ್ರು ಕುಟ್ಟೋದು. ಅಷ್ಟೇ ಕಣಕ್ಕ."

"ನಾನು ಅವಸರ ಮಾಡಿದ್ರೆ ಅಜ್ಜಿ ಒನಕೆಲೇ ತಿವೀತಿದ್ಲು ಕಣೋ."

"ಇಲ್ಲೂ ಮೂರನೇ ಚಿಪ್ ನಿನ್ನಂಗೇ ಆತುರಗೇಡಿ."

ಆ ಚಿಪ್ ಕ್ಷಣದ ಚೂರಿನಷ್ಟು ಮೊದಲೇ ಅಳೆದುಬಿಡುತ್ತಿತ್ತು. ಆಗ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಇಲ್ಲದ ನಡುಕ ಕಾಣುತ್ತಿತ್ತು. ಅದಕ್ಕೆ 'ಈಗ ಅಳೆ' ಎಂಬ ಸೂಚನೆ ಒಯ್ಯುವ ತಂತಿಯನ್ನು ತಮ್ಮ ಒಂದು ಗೇಣು ಉದ್ದ ಮಾಡಿದ. ದಾರಿ ಉದ್ದವಾದರೆ ಸೂಚನೆ ತುಸು ತಡವಾಗಿ ಮುಟ್ಟುತ್ತದೆ. ಆ ತಂತಿಯನ್ನು ಸುತ್ತಿ ಬೆಸೆದವಳು ನಾನೇ. ನಡುಕ ಹೋಯಿತು. ಮುಂದಿನ ತಿಂಗಳು ಅವನಿಗೆ ಕಾಮಾಲೆಯಾಯಿತು.

ಬೋರ್ಡ್ ನೋಡಲು ಬೆಂಗಳೂರಿನಿಂದ ಜನ ಬರುವ ದಿನ, ಮಾಲೀಕರು ಆ ಸುರುಳಿಯನ್ನು ಬೆರಳಿನಿಂದ ತಟ್ಟಿದರು.

"ಏನಮ್ಮ ಇದು, ಜಡೆ ಕುಚ್ಚಿನಂಗೆ? ಕಟ್ ಮಾಡಿ ನೆಟ್ಟಗೆ ಹಾಕು. ಬಂದೋರು ನಗ್ತಾರೆ."

"ಆಗ್ಲಿ ಸಾರ್."

ಗೊತ್ತಿದ್ದೇ ಕತ್ತರಿಸಿದೆ. ಉಳಿದ ತುದಿಗಳನ್ನು ನೆಟ್ಟಗೆ ಬೆಸೆದೆ. ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಬಂದ ಮೂವರ ಮುಂದೆ ಮಾಲೀಕರು, "ಪೂರ್ತಿ ನನ್ನದೇ ಡಿಸೈನ್" ಎಂದರು. ಸ್ವಿಚ್ ಒತ್ತಿದರು. ಗೆರೆ ನಡುಗಿತು. ಕಂಡ ಕಂಡ ಸ್ಕ್ರೂ ತಿರುಗಿಸಿದರೂ ನಡುಕ ಹೋಗಲಿಲ್ಲ. ಅವರ ಕುತ್ತಿಗೆ ಬೆವರುವುದನ್ನು ನೋಡುತ್ತ ಕೂತಿದ್ದೆ. ತಮ್ಮ ಹೋದ ಮೇಲೆ ಮೊದಲ ಬಾರಿಗೆ ನನಗೆ ಹಸಿವಾಯಿತು.

"ನಿಮ್ಮ ಡಿಸೈನ್ ತಾನೇ? ಯಾಕೆ ಹಿಂಗೆ ಅಂತ ನೀವೇ ಹೇಳಿ," ಎಂದರು ಬಂದವರಲ್ಲಿ ಹಿರಿಯರು.

"ನಿಜ ಹೇಳ್ಬೇಕಂದ್ರೆ ಸಾರ್, ಇದು ನಂದಲ್ಲ. ನಮ್ಮಲ್ಲಿ ಒಬ್ಬ ಇಂಜಿನಿಯರ್ ಇದ್ದ, ಎಲ್ಲಾ ಅವನೇ ಮಾಡಿದ್ದು. ತೀರ್ಕೊಂಡ. ತಪ್ಪು ಮಾಡಿಟ್ಟು ಹೋಗಿದಾನೆ."

ಇದನ್ನು ನಾನು ಎಣಿಸಿರಲಿಲ್ಲ. ಮಾಲೀಕರಿಗೆ ಅವಮಾನವಾಗಲಿ ಎಂದು ಕತ್ತರಿಸಿದ್ದು, ಸತ್ತವನ ತಲೆಗೆ ಬಂತು. ಎದ್ದು ಹೋಗಿ ಸ್ವಿಚ್ ಆರಿಸಿ, ಸೆರಗಿನ ಗಂಟು ಬಿಚ್ಚಿದೆ. ತುಂಡನ್ನು ಮೊದಲಿದ್ದಂತೆಯೇ ಸೇರಿಸಿ ಬೆಸೆದೆ. ಮತ್ತೆ ಸ್ವಿಚ್ ಒತ್ತಿದಾಗ ಗೆರೆಯಲ್ಲಿ ನಡುಕವಿರಲಿಲ್ಲ.

"ಇವ್ರು ಕಟ್ ಮಾಡು ಅಂದ್ರು, ಮಾಡ್ದೆ. ನನ್ ತಮ್ಮ ಹಾಕ್ಸಿದ್ದು ಹಿಂಗೆ," ಎಂದೆ.

ಹಿರಿಯರು ನಕ್ಷೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕೆರೆದ ಜಾಗ ತೆಳುವಾಗಿ ಹೊಳೆಯಿತು.

"ಅವರ ಹೆಸರೇನು?" ಎಂದು ಅವರು ಕೇಳಿದ್ದು ನನ್ನನ್ನಲ್ಲ, ಮಾಲೀಕರನ್ನು.

ಮಾಲೀಕರು ನೆಲ ನೋಡುತ್ತ ಮೆಲ್ಲಗೆ ಹೇಳಿದರು.

"ಕೇಳಿಸ್ಲಿಲ್ಲ ಸಾರ್," ಎಂದೆ ನಾನು.

ಇನ್ನೊಂದು ಸಲ, ಜೋರಾಗಿ ಹೇಳಿದರು.