ಒಂದೇ ಪ್ರೋಸೆಸ್ ಎಂದುಕೊಂಡು

ಆಳಂದದ ತೊಗರಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಹೈಸ್ಕೂಲು ಮುಗಿಸಿದವನಿಗೆ ಅದೇ ದೊಡ್ಡದು. ಎ.ಸಿ. ಕೋಣೆಯಲ್ಲಿ ನಾನೊಬ್ಬನೇ. ಆಳಂದದ್ದಲ್ಲದೆ ಅಫಜಲಪುರ ಮತ್ತು ಜೇವರ್ಗಿಯ ತೂಕದ ಕೇಂದ್ರಗಳೂ ಈ ಸರ್ವರಿನ ಡೇಟಾಬೇಸಿಗೆ ಸೇರಿದ್ದವು. ಕೆಲಸದ ಹೊರತಾಗಿ ನನ್ನೊಡನೆ ಎರಡು ಮಾತಾಡುತ್ತಿದ್ದವಳು ಜೇವರ್ಗಿ ಕೇಂದ್ರದ ಹುಡುಗಿ, ಅದೂ ಫೋನಿನಲ್ಲಿ.

ಹಳೆಯ ಡೇಟಾಬೇಸಿನಲ್ಲಿ ಎಲ್ಲರ ಕೆಲಸವೂ ಒಂದೇ ಪ್ರೋಸೆಸ್ಸಿನೊಳಗೆ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಮಿನೊಳಗೆ, ಬೇರೆ ಬೇರೆ ಎಳೆಗಳಾಗಿ, ಥ್ರೆಡ್‌ಗಳಾಗಿ ನಡೆಯುತ್ತಿತ್ತು. ಒಂದು ಥ್ರೆಡ್ ಕೆಟ್ಟರೆ ಎಲ್ಲವೂ ಬೀಳುತ್ತಿತ್ತು. ಹೊಸದರಲ್ಲಿ ಪ್ರತಿ ಸಂಪರ್ಕಕ್ಕೂ ಅದರದೇ ಪ್ರೋಸೆಸ್. ಯಾವುದಾದರೂ ಸಿಕ್ಕಿಕೊಂಡರೆ ನಿಲ್ಲುವಂತೆ ಮೆಲ್ಲಗೆ ಸೂಚನೆ ಕೊಡಿ, ಬಲವಂತದ ಕಮಾಂಡ್ ಬೇಡ ಎಂದು ಅದನ್ನು ಹಾಕಿಕೊಟ್ಟ ಇಂಜಿನಿಯರ್ ಹೇಳಿ ಹೋಗಿದ್ದರು. ಬೇರೆ ಬೇರೆ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು.

ಸುಗ್ಗಿಯ ಒಂದು ಮಧ್ಯಾಹ್ನ ಜೇವರ್ಗಿಯ ಹುಡುಗಿಯ ಫೋನ್ ಬಂತು.

“ಕಾಕಾ, ಸ್ಕ್ರೀನ್ ಹಂಗೇ ನಿಂತೈತ್ರಿ. ರೈತರು ನನ್ನ ತಲಿ ತಿನ್ನಾಕತ್ತಾರ.”

“ತಡೀಬೇ, ನಿಂದೊಂದ ಪ್ರೋಸೆಸ್ ಕೊಂದು ಬಿಡ್ತೇನಿ.”

“ಕೊಲ್ರಿ, ರೈತರ ಕೈಯಾಗ ಸಾಯೋದರ ತಪ್ಪತೈತಿ,” ಎಂದು ನಕ್ಕಳು.

ಮೆಲ್ಲಗೆ ಹೇಳಿ ಕಾಯುವ ತಾಳ್ಮೆ ನನಗಿರಲಿಲ್ಲ. ಬಲವಂತದ ಕಮಾಂಡನ್ನೇ ಕೊಟ್ಟೆ. ಮೂರೂ ಊರಿನ ಕೇಂದ್ರಗಳ ಸಂಪರ್ಕ ಒಟ್ಟಿಗೆ ಕಡಿದುಹೋಯಿತು. ಪ್ರೋಸೆಸ್‌ಗಳು ಬೇರೆಯಾದರೂ ಅವೆಲ್ಲ ಹಂಚಿಕೊಳ್ಳುವ ಮೆಮೊರಿ ಒಂದಿರುತ್ತದೆ. ಒಂದು ಹಾಗೆ ಏಕಾಏಕಿ ಸತ್ತರೆ ಆ ಮೆಮೊರಿಯೂ ಕೆಟ್ಟಿರಬಹುದೆಂದು ಮುಖ್ಯ ಪ್ರೋಸೆಸ್ ಉಳಿದವನ್ನೂ ಮುಗಿಸಿ ಹೊಸದಾಗಿ ಶುರುಮಾಡುತ್ತದೆ. ಇದು ನನಗೆ ತಿಳಿದದ್ದು ಆಮೇಲೆ. ಅರ್ಧ ಬರೆದ ತೂಕಗಳು ಹೋದವು, ಚೀಲಗಳನ್ನು ಮತ್ತೆ ತೂಗಬೇಕಾಯಿತು, ಜನ ಕೂಗಾಡಿದರು.

ಮಾಲೀಕರು ಕೇಳಿದಾಗ, “ಜೇವರ್ಗಿಯಾಕಿ ಏನೋ ಒತ್ತ್ಯಾಳ್ರಿ,” ಎಂದುಬಿಟ್ಟೆ. ಅವಳನ್ನು ಕೆಲಸದಿಂದ ತೆಗೆದರು. ಅಲ್ಲಿಗೆ ಬಂದ ಹೊಸಬ ಕೆಲಸವಿದ್ದರೆ ಮಾತ್ರ ಫೋನ್ ಮಾಡುತ್ತಿದ್ದ. ನನ್ನ ಕೋಣೆಯಲ್ಲಿ ಸರ್ವರ್ ಫ್ಯಾನಿನ ಸದ್ದಷ್ಟೇ ಉಳಿಯಿತು. ಹೀಗೆ ಎರಡು ಸುಗ್ಗಿ ಕಳೆದೆ.

ಈ ವರ್ಷ ಕೆಲಸ ಬಿಟ್ಟ ಮೇಲೆ ಜೇವರ್ಗಿ ಹತ್ತಿರದ ಅಂದೋಲಾಕ್ಕೆ, ಆ ಹುಡುಗಿಯ ಮನೆಗೆ ಹೋದೆ. ಹೊರಗೆ ಜೋಳ ಹಸನು ಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತದೆಯೇ ಹೇಳಿದಳು.

“ನನಗ ಅವತ್ತೇ ಗೊತ್ತಿತ್ತ್ರಿ. ಇದನ್ನ ಮಾಲೀಕರ ಮುಂದ ಹೇಳಬೇಕಿತ್ತು, ನನ್ನ ಮುಂದ ಅಲ್ಲ.”

ಈ ಸಲ ಕಾಕಾ ಎನ್ನಲಿಲ್ಲ.

ಮರುದಿನ ಮಾಲೀಕರ ಬಳಿ ಹೋಗಿ ಹೇಳಿದೆ. “ಈಗ್ಯಾಕ್ರಿ ಅದು, ಬಿಡ್ರಿ,” ಎಂದು ಚಹಾ ತರಿಸಿದರು. ಅವಳನ್ನು ಮತ್ತೆ ಕರೆಸಿ ಎಂದೆ. ಜಾಗ ಖಾಲಿ ಇಲ್ಲ ಎಂದರು. ಚಹಾ ಕುಡಿಯದೆ ಎದ್ದು ಬಂದೆ. ಅವಳಿಗೆ ಹೋಗಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ.