ಕೋಟಾ ತಿಂಗಿಯಲ್ಲಿ ಅವ್ವನ ಪೂಜೆ

ಗೋಕಾಕ ಫಾಲ್ಸ್ ನೋಡಿ ಬೆಳೆದವರಿಗೆ ಬೇರೆ ಯಾವ ಜಲಪಾತವನ್ನೂ ತೋರಿಸಬಾರದು. ಇದು ನನ್ನ ಅನುಭವದ ಮಾತು. ನಾವೀಗ ನೆಲೆಸಿರುವ ಜುರಾಂಗ್ ವೆಸ್ಟಿನ ಮನೆಯಿಂದ ನಸುಕಿನಲ್ಲೇ ಹೊರಟು, ಗಡಿಯಲ್ಲಿ ಕಾರುಗಳ ಸಾಲಿನಲ್ಲಿ ಕಾದು, ಪಕ್ಕದ ದೇಶ ಮಲೇಷ್ಯಾದ ಕೋಟಾ ತಿಂಗಿ ಜಲಪಾತಕ್ಕೆ ಕರೆದೊಯ್ದರೆ ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದಕ್ಕ ಇಷ್ಟ ದೂರ ಬಂದೀವೇನು? ಯಾರೋ ನಳಾ ಬಂದ್ ಮಾಡೂದು ಮರ್ತಂಗ ಐತಿ" ಎಂದಳು.

ಬಾಯಿ ಹಾಗೆಂದರೂ ಕಣ್ಣು ಬೇರೆ ಹೇಳುತ್ತಿತ್ತು. ಎರಡೂ ಕಡೆ ದಟ್ಟ ಕಾಡು, ನಡುವೆ ಬಂಡೆಯಿಂದ ಬಂಡೆಗೆ ಧುಮುಕುವ ನೀರು. ನಮ್ಮ ಬಡಾವಣೆಯಲ್ಲಿ ಹರಿಯುವ ನೀರೆಂದರೆ ಕಾಂಕ್ರೀಟ್ ಕಾಲುವೆ. ಹೊಳೆಯ ಸದ್ದು ಕೇಳದೆ ಅವಳಿಗೆ ವರ್ಷಗಳೇ ಆಗಿದ್ದವು.

ಅವ್ವ ಲಿಂಗಪೂಜೆಯಾಗದೆ ಬಾಯಿಗೆ ತುತ್ತು ಇಡುವವಳಲ್ಲ. ಅಂದು ಮನೆಯಲ್ಲೇ ಪೂಜೆ ಮುಗಿಸು ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. "ಹೊಳಿ ಇರೂವಾಗ ಬಾತ್‌ರೂಮಿನ್ಯಾಗ ಯಾಕ ಜಳಕಾ ಮಾಡ್ಲಿ? ಅಲ್ಲೇ ಜಳಕಾ, ಅಲ್ಲೇ ಪೂಜಾ." ಹೇಳಿದಂತೆಯೇ ಸೀರೆಯಲ್ಲೇ ಹೋಗಿ ನೀರಿನ ಕೆಳಗೆ ನಿಂತಳು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಅದರ ಶಿವದಾರ ಹಳೆಯದು. ನೀರಿನ ಹೊಡೆತಕ್ಕೆ ದಾರ ಹರಿದು, ಕರಡಿಗೆ ಮಡುವಿನಲ್ಲಿ ಬಿತ್ತು.

ಅವ್ವ ಎದೆ ಮುಟ್ಟಿ ನೋಡಿಕೊಂಡಳು, ಮತ್ತೆ ಮುಟ್ಟಿ ನೋಡಿಕೊಂಡಳು. ಲಿಂಗ ಕಳೆದರೆ ಪ್ರಾಣವನ್ನೇ ಬಿಡಬೇಕು ಎಂದು ನಂಬಿದ್ದ ಮನೆತನ ನಮ್ಮದು. ಅವಳ ಅಜ್ಜಿ ಹೀಗೇ ಕಳೆದುಕೊಂಡು, ಅದು ಸಿಗುವವರೆಗೆ ಹನಿ ನೀರನ್ನೂ ಕುಡಿದಿರಲಿಲ್ಲವಂತೆ. ಅವ್ವನಿಗೋ ಸಕ್ಕರೆ ಕಾಯಿಲೆ.

"ನೀನು ಆರಾಮಾಗಿ ಕೂತ್ಕೋ ಅವ್ವ. ನಾನು ಡೈವ್ ಮಾಡಿ ತರ್ತೀನಿ" ಎಂದೆ. ಶಾಲೆಯಲ್ಲಿ ಈಜಿಗೆ ಪದಕ ಗೆದ್ದವಳು ನಾನು. ಸಿಗದೇ ಹೋಗಬಹುದೆಂಬ ಯೋಚನೆಯೇ ಬರಲಿಲ್ಲ. ಮುಳುಗಿದೆ, ಎದ್ದೆ, ಮತ್ತೆ ಮುಳುಗಿದೆ. ತಳದ ತುಂಬ ಮರಳು, ಉರುಟು ಕಲ್ಲು. ಬೆರಳ ತುದಿಗಳು ಸುಕ್ಕುಗಟ್ಟಿದರೂ ಬೆಳ್ಳಿ ಮಾತ್ರ ಕೈಗೆ ಹತ್ತಲಿಲ್ಲ.

ಕೊನೆಗೆ ಅವ್ವನೇ ಕೂಗಿದಳು: "ಸಾಕು, ಮ್ಯಾಲ ಬಾ. ನಿನ್ನೂ ಕಳ್ಕೊಳ್ಳಾಕ ಆಗೂದಿಲ್ಲ ನನಗ."

"ಊರಿನ ಸ್ವಾಮಿಗಳಿಗೆ ಫೋನ್ ಮಾಡಿ ಹೊಸದು ತರಿಸೋಣ. ಈಗ ಏನಾದ್ರೂ ತಿನ್ನು, ಶುಗರ್ ಲೋ ಆಗತ್ತೆ."

"ಪೂಜಾ ಆಗದ ಹ್ಯಾಂಗ ತಿನ್ಲಿ?"

ನನಗೆ ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಂಡೆಯ ಮೇಲೆ ಕಾಲು ಮಡಿಸಿ ಕೂತಾಗಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಲಿಂಗವಿಟ್ಟು ಪೂಜಿಸುವ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ಹೊಳೆಯ ನೀರು ಹನಿಸಿದಳು, ಮನೆಯಿಂದ ತಂದ ಮಲ್ಲಿಗೆ ಇಟ್ಟಳು, ದಿನವೂ ನೆಡುವಂತೆಯೇ ದೃಷ್ಟಿ ನೆಟ್ಟಳು. ಅವಸರ ಮಾಡಲಿಲ್ಲ. ದೂರದಿಂದ ನೋಡಿದವರಿಗೆ ಆ ಅಂಗೈ ಬರಿದೆಂದು ಗೊತ್ತಾಗುವಂತಿರಲಿಲ್ಲ. ಪಕ್ಕದಲ್ಲೇ ನಿಂತ ನನಗೂ ಸ್ವಲ್ಪ ಹೊತ್ತು ಅದು ಮರೆತೇ ಹೋಗಿತ್ತು.

ಆಮೇಲೆ ಅವ್ವ ರೊಟ್ಟಿ ಕೇಳಿದಳು.