ಚಿಕ್ಕವ್ವ ಹಿಡಿಯದ ವೀಳ್ಯ

ನಮ್ಮ ತಾತ ಊರಿನ ಯಜಮಾನ. ತೆರಕಣಾಂಬಿ ಕಡೆಯ ನಮ್ಮೂರಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ತೊಂಬತ್ತರ ದಶಕದಲ್ಲಿ ಹೆಂಗಸರಿಗೆ ಮೀಸಲಾತಿ ಬಂದು ಅವರ ಕಿರಿಸೊಸೆ, ನನ್ನ ಚಿಕ್ಕವ್ವ, ಪಂಚಾಯ್ತಿ ಅಧ್ಯಕ್ಷೆಯಾದರು. ಆದರೇನು? ಮಾವನೆದುರು ಕೂರುವಂತಿಲ್ಲ, ಕಂಬದ ಹಿಂದೆ ನಿಂತೇ ಮಾತು.

ಸಂಜೆ ರೇಡಿಯೊ ವಾರ್ತೆ ಮುಗಿದರೆ ತಾತ ದಿಲ್ಲಿಯನ್ನೇ ಜಗಲಿಗೆ ಇಳಿಸುತ್ತಿದ್ದರು.

“ರಾಷ್ಟ್ರಪತಿ ಅಂದ್ರೆ ಕೊಟ್ಟಿದ್ದಕ್ಕೆ ರುಜು ಹಾಕೋರು ಅನ್ಕಂಡಿದ್ದೊ ಕಣ್ಲಾ. ಈಗ ಯಾವ ಪಕ್ಷಕ್ಕೂ ಬಹುಮತ ಇಲ್ಲ. ಯಾರ್ನ ಕರೀಬೇಕು ಅಂತ ಅವ್ರೇ ಯೋಚ್ನೆ ಮಾಡ್ಬೇಕು. ಮಸೂದೆ ಸರಿ ಕಾಣ್ದಿದ್ರೆ ಒಂದ್ಸಲ ವಾಪಸ್ ಕಳಿಸ್ಬೋದು. ಕುರ್ಚಿ ಅದೇಯ, ಬಲ ಬೆಳೀತಾ ಅದೆ.”

“ಅದ್ನೇ ತಿರ್ಗ ಕಳಿಸಿದ್ರೆ ಮಾವ?” ಎಂದರು ಚಿಕ್ಕವ್ವ ಕಂಬದ ಹಿಂದಿನಿಂದ.

“ಆಗ ರುಜು ಹಾಕ್ಲೇಬೇಕು ಕಣವ್ವ. ಆದ್ರೆ ಅಷ್ಟೊತ್ಗೆ ಕಳಿಸಿದೋರ್ಗೇ ನಾಚ್ಕೆ ಆಗಿರ್ತದೆ.”

ಆ ವರ್ಷ ಊರಿಗೆ ಒಂದೇ ಒಂದು ಬೋರಿಂಗ್, ಅಂದರೆ ಕೈಪಂಪು, ಮಂಜೂರಾಯಿತು. ಕೆಳಗಲ ಬೀದಿಯ ಹೆಂಗಸರು ದೂರದ ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು. ಅವರಿಗೇ ಹಾಕಿಸುತ್ತೇನೆಂದು ಚಿಕ್ಕವ್ವ ಮಾತು ಕೊಟ್ಟಿದ್ದರು. ಅರಳಿಕಟ್ಟೆಯಲ್ಲಿ ಸೇರಿದ ಗಂಡಸರು ಮಾತ್ರ, ಯಜಮಾನರ ಮನೆ ಮುಂದೆಯೇ ಆಗಲಿ ಎಂದು ತೀರ್ಮಾನಿಸಿಬಿಟ್ಟರು. ಇನ್ನು ತಾತ ಕೊಡುವ ವೀಳ್ಯವನ್ನು ಅಧ್ಯಕ್ಷೆ ಹಿಡಿದರೆ ಮುಗಿಯಿತು. ನಮ್ಮಲ್ಲಿ ವೀಳ್ಯ ಹಿಡಿದರೆ ಒಪ್ಪಿದ ಹಾಗೆ. ಹಿಡಿಯದವರನ್ನು ಊರು ಕಂಡೇ ಇರಲಿಲ್ಲ.

ಚಿಕ್ಕವ್ವ ತಲೆ ಮೇಲೆ ಸೆರಗೆಳೆದುಕೊಂಡು ಬಂದರು. ತಾತ ಚಾಚಿದ ವೀಳ್ಯದ ತಟ್ಟೆಗೆ ಕೈಮುಗಿದರು. ವೀಳ್ಯ ಹಿಡಿಯಲಿಲ್ಲ.

“ಒಂದ್ಸಲ ವಾಪಸ್ ಕಳಿಸ್ತಾ ಇವ್ನಿ ಮಾವ. ಕೆಳಗಲ ಬೀದಿಗೋಗಿ ನೋಡ್ಕಬನ್ನಿ. ಆಮೇಲೂ ಇದೇ ಅಂದ್ರೆ ಹಿಡೀತೀನಿ.”

ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುವುದೂ ನಿಂತಿತು. ಒಬ್ಬರು ಕೆಣಕಿದರು: “ಏನ್ ಯಜಮಾನ್ರೇ, ಸೊಸೆ ಡೆಲ್ಲಿ ರಾಷ್ಟ್ರಪತಿನೇ ಆಗ್ಬುಟ್ಟವಳೆ!”

ತಾತನಿಗೆ ನಗು ತಡೆಯಲಾಗಲಿಲ್ಲ. “ಏಳ್ಕೊಟ್ಟೋನು ನಾನೇ ಕಣ್ಲಾ, ಯಾರ್ನ ಬೈಯ್ಲಿ? ಏಳ್ರಿ, ನೋಡ್ಕಂಡು ಬರನ.”

ಬಾವಿಯ ಹತ್ತಿರ ಒಬ್ಬ ಮುದುಕಿ, “ಬಂದಿದ್ದೂ ಬಂದ್ರಿ, ಒಂದು ಕೊಡ ಒತ್ಕಳಿ ಯಜಮಾನ್ರೇ” ಅಂತ ತುಂಬಿದ ಕೊಡವನ್ನು ತಾತನ ಹೆಗಲಿಗೇ ಏರಿಸಿಬಿಟ್ಟಳು. ಏರುದಾರಿ. ಅರ್ಧಕ್ಕೇ ತಾತ ಉಸ್ಸಪ್ಪ ಎಂದು ಕೂತರು. ಹೊಸ ತೀರ್ಮಾನ ಅಲ್ಲೇ, ಒದ್ದೆ ಪಂಚೆಯಲ್ಲೇ ಆಯಿತು.

ಕೆಳಗಲ ಬೀದಿಯಲ್ಲಿ ನೀರು ಚಿಮ್ಮಿದ ದಿನ ಪಂಪಿನ ಹಿಡಿ ಮೊದಲು ಒತ್ತಿದ್ದು ಚಿಕ್ಕವ್ವ. ಹೆಂಗಸರು ಹೋ ಎಂದು ಒಬ್ಬರಿಗೊಬ್ಬರು ನೀರೆರಚಿದರು. “ಮುಂದೆ ಈ ಅಧ್ಯಕ್ಷಗಿರಿ ಎಲ್ಲೀಗಂಟ ಬೆಳೀತದೋ!” ಅಂದರು ಯಾರೋ.

“ಬೆಳೀಲಿ ಬುಡ್ಲಾ,” ಅಂದರು ತಾತ. “ಬೆಳ್ದಷ್ಟೂ ತಡೆದು ಕೇಳೋರು ಇರ್ಬೇಕು, ಅಷ್ಟೇಯ.”

“ಕೇಳೋಕೆ ಇಷ್ಟು ಜನ ಅವ್ರೆ ಮಾವ,” ಎಂದು ಸುತ್ತ ನಿಂತ ಹೆಂಗಸರನ್ನು ತೋರಿಸಿ, ಚಿಕ್ಕವ್ವ ಮತ್ತೆ ಪಂಪು ಒತ್ತತೊಡಗಿದರು.